ಸೋರದ ಪೈಪೇ ಕೆಟ್ಟಿತ್ತು: ಅಪ್ಪನ 407 ಮತ್ತು ಅದರ ಡೀಸೆಲ್ ಲೈನು

ಈ ಸಲದ ಮಾತು ಕೆಲಸ ಬದಲಾಯಿಸೋದರ ಬಗ್ಗೆ ಅಲ್ಲ, ಫ್ಲ್ಯಾಟ್ ತಗೊಳ್ಳೋದರ ಬಗ್ಗೆಯೂ ಅಲ್ಲ. ನಮ್ಮ ಅಪ್ಪನ ಟಾಟಾ 407 ಬಗ್ಗೆ, ಅದರಲ್ಲೂ ಅದರ ಡೀಸೆಲ್ ಲೈನ್ ಬಗ್ಗೆ. ವಿಡಿಯೋದಲ್ಲಿ ಪೈಪು ಕೈಯಲ್ಲಿ ಹಿಡಿದು ತೋರಿಸಿದ್ದೆ. ಇಲ್ಲಿ ತೋರಿಸೋಕೆ ಆಗಲ್ಲ, ಅದಕ್ಕೆ ಕೆಲವು ಕಡೆ ಎರಡು ಮಾತು ಹೆಚ್ಚಿಗೆ ಬರೆದಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕ್ ಅಲ್ಲ. ಹಿಂಜವಡಿಯಲ್ಲಿ ಕೂತು ದಿನವಿಡೀ ಲಾಗ್ ಓದೋ ಮನುಷ್ಯ. ಆದರೆ ಗಾಡಿ ಇರೋ ಮನೆಯಲ್ಲಿ ಹುಟ್ಟಿದವನು. ಹದಿಮೂರರ ಪಾನಾ ಯಾವುದು, ಹದಿನೇಳರದ್ದು ಯಾವುದು ಅಂತ ಚಿಕ್ಕವನಿದ್ದಾಗಲೇ ಕತ್ತಲಲ್ಲಿ ಮುಟ್ಟಿ ಹೇಳ್ತಿದ್ದೆ. ಅಷ್ಟು ಅರ್ಧಂಬರ್ಧ ಜ್ಞಾನವೇ ಈ ಕಥೆಯಲ್ಲಿ ಅನಾಹುತಕ್ಕೆ ಕಾರಣ ಆಗಿದ್ದು. ಅದು ಮುಂದೆ ಬರ್ತದೆ.

ನಮ್ಮೂರು ಕಲಘಟಗಿ ಹತ್ತಿರ. ಅಪ್ಪ ಹುಬ್ಬಳ್ಳಿ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ, ಬಟಾಟಿ, ತರಕಾರಿ ತುಂಬಿಕೊಂಡು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹಾಕ್ತಾರೆ. ಬರುವಾಗ ತೆಂಗಿನಕಾಯಿ. ಅಂದರೆ ವಾಪಸ್ ಬರುವಾಗ ಲೋಡ್ ಸಮೇತ ಅದೇ ಘಟ್ಟ ಹತ್ತಬೇಕು. ಗಾಡಿ 1997ರದ್ದು, ಟರ್ಬೊ ಇಲ್ಲ. 407 ಮೊದಲು ಬಂದಿದ್ದು 1986ರಲ್ಲಿ, ತಯಾರಾಗಿದ್ದು ಪುಣೆಯಲ್ಲಿ. ನಾನು ಪುಣೆಗೆ ಬರೋ ಎಷ್ಟೋ ವರ್ಷ ಮೊದಲೇ ನಮ್ಮ ಗಾಡಿ ಇಲ್ಲಿಂದ ಹೊರಟಿತ್ತು ಅಂತ ಅಪ್ಪ ಈಗಲೂ ನನ್ನನ್ನ ಚುಡಾಯಿಸ್ತಾರೆ.

ಆಗಸ್ಟ್ ತಿಂಗಳ ಒಂದು ರಾತ್ರಿ ಒಂದೂವರೆಗೆ ಅವ್ವನ ಫೋನ್ ಬಂತು. "ಅಪ್ಪ ಇನ್ನೂ ಬಂದಿಲ್ಲೋ. ಫೋನ್ ಹತ್ತವಲ್ದು." ಘಟ್ಟದಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ಗೊತ್ತು, ಆದರೂ ಬೆಳಗಿನ ಆರರ ತನಕ ನಾನು ವಾಕಡದ ಬಾಲ್ಕನಿಯಲ್ಲಿ, ಅವ್ವ ಊರಲ್ಲಿ ಕಟ್ಟೆ ಮೇಲೆ. ಆರಕ್ಕೆ ಅಪ್ಪ ಬಂದರು. ಏನಾಗಿತ್ತು ಅಂದರೆ, ಘಟ್ಟ ಏರ್ತಾ ಗಾಡಿ ಎಳೆತ ಬಿಡೋದು, ಗುಟುರು ಹಾಕಿದ ಹಾಗೆ ಮಾಡಿ ಆಫ್ ಆಗೋದು. ಇಳಿದು ಟೈರಿಗೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಹ್ಯಾಂಡ್ ಪಂಪ್ ಇಪ್ಪತ್ತು ಮೂವತ್ತು ಸಲ ಹೊಡೆದರೆ ಮತ್ತೆ ಸ್ಟಾರ್ಟ್. ಸ್ವಲ್ಪ ದೂರ ಹೋಗಿ ಮತ್ತೆ ಅದೇ ಕಥೆ. ಮಳೆಯಲ್ಲಿ, ತಿರುವಿನಲ್ಲಿ, ಮೇಲಿಂದ ಅದಿರಿನ ಲಾರಿಗಳು ಇಳಿತಾ ಇರುವಾಗ, ಅರವತ್ತಮೂರು ವರ್ಷದ ಮನುಷ್ಯ ಒಬ್ಬನೇ ಒಂಬತ್ತು ಸಲ ಇಳಿದು ಹತ್ತಿದ್ದ.

"ಗಾಡಿ ಮಾರಿಬಿಡೋಣ ಅಪ್ಪಾ" ಅಂದೆ. "ಮಾರಿ? ನಿಮ್ಮ ಪುಣಾಕ್ಕ ಬಂದು ಬಾಲ್ಕನಿ ಕಾಯ್ಲೇನು?" ಅಂದರು. ಅಲ್ಲಿಗೆ ಆ ಚರ್ಚೆ ಮುಗೀತು.

ಆಮೇಲೆ ನಾವು ಮಾಡಿದ್ದನ್ನ ಹೇಳ್ತೀನಿ, ಯಾಕಂದರೆ ಎಲ್ಲರೂ ಮಾಡೋದು ಅದನ್ನೇ. ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳೀತಿತ್ತು, ಹಾಗಾಗಿ ಮೊದಲು ಹೊಸ ಬ್ಯಾಟರಿ. ಸ್ಟಾರ್ಟ್ ಆದಾಗ ಬಿಳಿ ಹೊಗೆ ಬರ್ತಿತ್ತು, ಹಾಗಾಗಿ ನಾಲ್ಕು ನೋಝಲ್. ಎಳೆತ ಇಲ್ಲ, ಹಾಗಾಗಿ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್. ನಾನು ಇಲ್ಲಿಂದ ಯುಪಿಐ ಮಾಡ್ತಾ ಹೋದೆ. ಎಲ್ಲ ಸೇರಿ 31,000 ರೂಪಾಯಿ. ಪಂಪ್ ಕೂಡಿಸಿದ ಮೇಲೆ ನಾಲ್ಕು ದಿನ ಗಾಡಿ ಹೊಸದರ ಹಾಗೆ ಓಡಿತು. ಐದನೇ ದಿನ ಮತ್ತೆ ಬೆಳಿಗ್ಗೆ ಅದೇ ಕೊರ್ ಕೊರ್.

ಈ ನಾಲ್ಕು ದಿನ ಇದೆಯಲ್ಲ, ಅಲ್ಲಿ ಉತ್ತರ ಇತ್ತು. ನಮಗೆ ಓದೋಕೆ ಬರಲಿಲ್ಲ ಅಷ್ಟೇ.

ಈಗ ಡೀಸೆಲ್ ಹೋಗೋ ದಾರಿ ನೋಡೋಣ. ಹಳೆ ಇನ್‌ಲೈನ್ ಪಂಪ್ ಇರೋ ಯಾವ ಗಾಡಿಗಾದರೂ ಹೆಚ್ಚುಕಡಿಮೆ ಇದೇ. ಟ್ಯಾಂಕಿನೊಳಗೆ ಒಂದು ಎಳೆಯೋ ನಳಿಗೆ ಇರ್ತದೆ, ಅದರ ಬಾಯಿಗೆ ಜಾಳಿಗೆ. ಟ್ಯಾಂಕಿನ ಮೇಲ್ಭಾಗದಿಂದ ಹೊರಬಂದು ಒಂದು ಗೇಣು ರಬ್ಬರ್ ಪೈಪು, ಆಮೇಲೆ ಚಾಸಿ ಉದ್ದಕ್ಕೂ ಕಬ್ಬಿಣದ ಪೈಪು, ಇಂಜಿನ್ ಹತ್ತಿರ ಮತ್ತೆ ರಬ್ಬರ್. ಅಲ್ಲಿಂದ ಫೀಡ್ ಪಂಪು. ದೊಡ್ಡ ಪಂಪಿನ ಹೊಟ್ಟೆಗೆ ಅಂಟಿಕೊಂಡಿರ್ತದಲ್ಲ, ಮೇಲೆ ತಿರುಗಿಸಿ ಒತ್ತೋ ಗುಂಡಿ ಇರೋದು, ಅದೇ. ಆ ಗುಂಡಿಯೇ ಹ್ಯಾಂಡ್ ಪಂಪು. ಫೀಡ್ ಪಂಪು ಡೀಸೆಲನ್ನ ಎರಡು ಫಿಲ್ಟರ್ ಮೂಲಕ ದೊಡ್ಡ ಪಂಪಿಗೆ ತಳ್ತದೆ. ದೊಡ್ಡ ಪಂಪು ನಾಲ್ಕು ಸಣ್ಣ ಉಕ್ಕಿನ ಪೈಪಿನಲ್ಲಿ ನಾಲ್ಕು ನೋಝಲ್‌ಗೆ ಕೊಡ್ತದೆ. ಹೆಚ್ಚಾದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್.

ಇದನ್ನ ಭಾಗಗಳ ಪಟ್ಟಿಯಾಗಿ ನೋಡಬೇಡಿ, ಒತ್ತಡದ ಪ್ರಕಾರ ಮೂರು ಸೀಮೆ ಅಂತ ನೋಡಿ. ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಎಳೆಯೋ ಸೀಮೆ. ಅಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಫೀಡ್ ಪಂಪಿನಿಂದ ದೊಡ್ಡ ಪಂಪಿನ ತನಕ ತಳ್ಳೋ ಸೀಮೆ. ಅಲ್ಲಿ ಒತ್ತಡ ಒಂದೋ ಒಂದೂವರೆಯೋ ಬಾರ್, ಕಾರಿನ ಟೈರಿಗಿಂತಲೂ ಕಡಿಮೆ. ಅದರ ಮುಂದೆ ನೋಝಲ್ ತನಕ ಹೊಡೆಯೋ ಸೀಮೆ. ಇಂಥ ಇಂಜಿನ್ನಿನಲ್ಲಿ ನೋಝಲ್ ಬಾಯಿ ಬಿಡಬೇಕಾದರೆ ಸುಮಾರು 200 ಬಾರ್ ಬೇಕು.

ಈಗ ಯೋಚನೆ ಮಾಡಿ. ತಳ್ಳೋ ಸೀಮೆಯಲ್ಲಿ ತೂತು ಬಿದ್ದರೆ ಡೀಸೆಲ್ ಹೊರಗೆ ಬರ್ತದೆ, ಕಾಣ್ತದೆ, ವಾಸನೆ ಬರ್ತದೆ, ಯಾರಾದರೂ ಹಿಡೀತಾರೆ. ಹೊಡೆಯೋ ಸೀಮೆಯಲ್ಲಾದರೆ ಚಿಮ್ಮಿಯೇ ಬಿಡ್ತದೆ. ಎಳೆಯೋ ಸೀಮೆಯಲ್ಲಿ ತೂತು ಬಿದ್ದರೆ? ಒಂದು ಹನಿಯೂ ಹೊರಗೆ ಬರಲ್ಲ. ಗಾಳಿ ಒಳಗೆ ಹೋಗ್ತದೆ. ಪೈಪು ಹೊರಗಿನಿಂದ ಒಣಗಿ, ಸ್ವಚ್ಛವಾಗಿ, ಏನೂ ಗೊತ್ತಿಲ್ಲದ ಹಾಗೆ ಇರ್ತದೆ. ಇಡೀ ಗಾಡಿಯಲ್ಲಿ ಸೋರದೇ ಇರೋ ಜಾಗವನ್ನೇ ಮೊದಲು ಅನುಮಾನಿಸಬೇಕು ಅಂತ ನನಗೆ ಹೊಳೆಯೋಕೆ 31,000 ರೂಪಾಯಿ ಬೇಕಾಯ್ತು.

ಒಂದಿಷ್ಟು ಗಾಳಿಗೆ ಇಷ್ಟು ದೊಡ್ಡ ಇಂಜಿನ್ ಯಾಕೆ ನಿಲ್ಲಬೇಕು ಅಂತ ಕೇಳಬಹುದು. ಇದರ ಇಂಜಿನ್ನಿಗೆ 497 ಅಂತ ಹೆಸರು: 4 ಸಿಲಿಂಡರ್, 97 ಮಿಲಿಮೀಟರ್ ಬೋರ್. ಒಟ್ಟು 2,956 ಸಿಸಿ. ಪೂರ್ತಿ ಲೋಡಿನಲ್ಲಿ ಕೂಡ ಒಂದು ಸಿಲಿಂಡರಿಗೆ ಒಂದು ಸಲ ಹೋಗೋ ಡೀಸೆಲ್ ಎಷ್ಟು ಗೊತ್ತಾ? ಲೆಕ್ಕ ಹಾಕಿದರೆ ಸುಮಾರು ಒಂದು ಹನಿ. ಐದು ಎಂಎಲ್ ಔಷಧಿ ಚಮಚದಲ್ಲಿ ಅಂಥ ನೂರು ಹನಿ ಹಿಡೀತಾವೆ. 2,000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ ಸಾವಿರ ಸಲ ಆ ಒಂದೊಂದು ಹನಿ ಲೆಕ್ಕ ಹಾಕಿ ಕೊಡಬೇಕು. ಡೀಸೆಲನ್ನ ಒತ್ತಿದರೆ ಅದು ಕುಗ್ಗಲ್ಲ, ಒತ್ತಡ ಸೀದಾ ನೋಝಲ್ ಸೂಜಿಗೆ ಹೋಗಿ ಅದನ್ನ ಎತ್ತುತ್ತದೆ. ಗಾಳಿಯನ್ನ ಒತ್ತಿದರೆ ಅದು ಕುಗ್ಗಿ ಕೂತ್ಕೊಳ್ತದೆ. ಹನಿಯ ಜಾಗದಲ್ಲಿ ಗುಳ್ಳೆ ಬಂದರೆ ಸೂಜಿ ಏಳೋದೇ ಇಲ್ಲ. ಆ ಸಿಲಿಂಡರು ಆ ಸಲ ಉಪವಾಸ.

ಇಷ್ಟು ನಾಜೂಕಿನ ಪಂಪನ್ನ ರಾಬರ್ಟ್ ಬಾಷ್ ಕಂಪನಿ ಜರ್ಮನಿಯಲ್ಲಿ ಕಾರ್ಖಾನೆ ಮಟ್ಟದಲ್ಲಿ ಮಾಡೋಕೆ ಶುರು ಮಾಡಿದ್ದು 1927ರಲ್ಲಿ. ನಮ್ಮಲ್ಲಿ ಅದನ್ನ ತಂದಿದ್ದು 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಆಡುಗೋಡಿಯಲ್ಲಿ ಬಸ್ಸು ಹತ್ತಿದವರಿಗೆ ಆ ಹೆಸರು ಗೊತ್ತಿರ್ತದೆ. 2008ರಿಂದ ಅದು ಬಾಷ್ ಅಂತ ಆಯ್ತು. ನಮ್ಮ ಗಾಡಿಯ ಪಂಪಿನ ತಗಡಿನ ಮೇಲೆ ಇನ್ನೂ ಮೈಕೋ ಅಂತಲೇ ಇದೆ. ಗಾಡಿ ಪುಣೆಯದು, ಪಂಪು ಬೆಂಗಳೂರಿನದು, ಓಡೋದು ಕಾರವಾರ ಜಿಲ್ಲೆಯಲ್ಲಿ. ನಮ್ಮ ಟೀಮಿನ ಹಾಗೇ ಇದೆ ನೋಡಿ.

ಸರಿ, ಆ ನಾಲ್ಕು ದಿನಕ್ಕೆ ಬರೋಣ. ಪಂಪ್ ಕೂಡಿಸುವಾಗ ಲೈನಿನ ಗಾಳಿಯನ್ನೆಲ್ಲ ತೆಗೆದಿದ್ದರು. ಜೊತೆಗೆ ಅಪ್ಪ ಖುಷಿಗೆ ಟ್ಯಾಂಕ್ ಫುಲ್ ಮಾಡಿಸಿದ್ದರು. ಟ್ಯಾಂಕ್ ತುಂಬಿದ್ದಾಗ ಡೀಸೆಲ್ ಮಟ್ಟ ಮೇಲಿನ ಪೈಪಿನ ತನಕ ಇರ್ತದೆ, ಪಂಪು ಹೆಚ್ಚು ಎಳೀಬೇಕಾಗಿಲ್ಲ, ಗಾಳಿ ನುಗ್ಗಲ್ಲ. ಟ್ಯಾಂಕು ಇಳಿದ ಹಾಗೆ ಎಳೆತ ಜಾಸ್ತಿ, ಗಾಳಿ ಜಾಸ್ತಿ. ಘಟ್ಟದಲ್ಲಿ ಇಂಜಿನ್ ಹೆಚ್ಚು ಡೀಸೆಲ್ ಕೇಳ್ತದೆ, ಅಲ್ಲೂ ಎಳೆತ ಜಾಸ್ತಿ. ರಾತ್ರಿ ನಿಲ್ಲಿಸಿದಾಗ ಆ ತೂತಿನಿಂದ ಗಾಳಿ ಸೇರಿ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳೀತದೆ, ಅದಕ್ಕೇ ಬೆಳಿಗ್ಗೆ ಕಷ್ಟ. ಮೂರು ಲಕ್ಷಣ, ಒಂದೇ ಕಾರಣ. ಆದರೆ ಇದು ಹೊಳೆದಿದ್ದು ಆಫೀಸಿನಲ್ಲಿ, ಬೇರೆ ಯಾವುದೋ ಪೈಪ್‌ಲೈನ್ ಡೀಬಗ್ ಮಾಡುವಾಗ. ನೂರು ಕಮಿಟ್ ಇದ್ದರೆ ಒಂದೊಂದೇ ಓದ್ತಾ ಕೂರಲ್ಲ ನಾವು, ಮಧ್ಯಕ್ಕೆ ಹೋಗಿ ನೋಡ್ತೀವಿ: ಇಲ್ಲಿ ಸರಿ ಇದೆಯಾ, ಕೆಟ್ಟಿದೆಯಾ. ಡೀಸೆಲ್ ಲೈನಿಗೂ ಅದನ್ನೇ ಮಾಡಬಹುದಲ್ಲ ಅನ್ನಿಸ್ತು. ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಎರಡು ಮೀಟರ್ ಪಾರದರ್ಶಕ ಪೈಪು, ಅರ್ಧ ಡಜನ್ ಕ್ಲಿಪ್ಪು.

ಮೊದಲ ಪರೀಕ್ಷೆ ಪುಕ್ಕಟೆ. ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ಗಾಡಿ ಓಡಿಸೋದು. ಮುಚ್ಚಳದ ಗಾಳಿ ತೂತು ಮಣ್ಣು ಹಿಡಿದು ಮುಚ್ಚಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಆಗಿ, ತಾಸು ಓಡಿದ ಮೇಲೆ ಇಂಜಿನ್ ಸಾಯ್ತದೆ. ಮುಚ್ಚಳ ತೆಗೆದಾಗ ಉಸ್ ಅಂತ ಗಾಳಿ ಒಳಗೆ ಹೋದರೆ ರೋಗ ಅಲ್ಲೇ. ನಮ್ಮದರಲ್ಲಿ ಉಸ್ ಇರಲಿಲ್ಲ.

ಎರಡನೇದು ಪಾರದರ್ಶಕ ಪೈಪು. ಫೀಡ್ ಪಂಪಿಗೆ ಡೀಸೆಲ್ ಬರೋ ಬಾಯಿಯಲ್ಲಿ ರಬ್ಬರ್ ಪೈಪು ತೆಗೆದು ಇದನ್ನ ಹಾಕಿ ಇಂಜಿನ್ ಓಡಿಸೋದು. ಡೀಸೆಲ್ ಗಾಜಿನ ಸರಳಿನ ಹಾಗೆ ಬಂದರೆ ಹಿಂದಿನದ್ದೆಲ್ಲ ಸರಿ, ತಪ್ಪು ಮುಂದೆ. ನಮ್ಮದರಲ್ಲಿ ಸೋಡಾ ಬಂದ ಹಾಗೆ ಗುಳ್ಳೆ. ಅಪ್ಪ ಬಗ್ಗಿ ನೋಡಿದರು, ಏನೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಪಂಪು, ನೋಝಲ್ಲು, ಫಿಲ್ಟರು ಎಲ್ಲ ಆ ಗುಳ್ಳೆಯ ಮುಂದಿನವು. ದುಡ್ಡು ಹಾಕಿದ್ದೆಲ್ಲ ಆ ಕಡೆಗೇ.

ಮೂರನೇದು ಅರ್ಧಕ್ಕೆ ಕತ್ತರಿಸೋದು. ಚಾಸಿ ಪೈಪಿನ ಟ್ಯಾಂಕ್ ಕಡೆಯ ತುದಿಯನ್ನ ಬಿಚ್ಚಿ, ಟ್ಯಾಂಕಿನ ಬದಲು ಐದು ಲೀಟರ್ ಕ್ಯಾನಿನಿಂದ ಎಳೆಯೋ ಹಾಗೆ ಮಾಡಿದ್ವಿ. ಇಲ್ಲಿ ಎರಡು ವಿಷಯ ಗಮನಿಸಿ. ಕ್ಯಾನನ್ನ ಟ್ಯಾಂಕಿನ ಎತ್ತರದಲ್ಲೇ, ಕೆಳಗೇ ಇಡಿ. ಬಹಳ ಜನ ಮೇಲೆ ಕ್ಯಾಬಿನ್ನಿಗೆ ಕಟ್ಟಿಬಿಡ್ತಾರೆ. ಆಗ ಡೀಸೆಲ್ ತಾನೇ ಇಳಿದು ಬರ್ತದೆ, ಎಳೆತವೇ ಇರಲ್ಲ, ಪೈಪಿನಲ್ಲಿ ತೂತಿದ್ದರೂ ಗುಳ್ಳೆ ಕಾಣಲ್ಲ. ಇನ್ನೊಂದು, ರಿಟರ್ನ್ ಡೀಸೆಲ್ ಟ್ಯಾಂಕಿಗೇ ಹೋಗ್ತಿರ್ತದೆ, ಹಾಗಾಗಿ ಕ್ಯಾನು ನೀವು ಅಂದುಕೊಂಡಿದ್ದಕ್ಕಿಂತ ಬೇಗ ಖಾಲಿ ಆಗ್ತದೆ. ಕ್ಯಾನ್ ಖಾಲಿ ಆಗಿ ಗಾಳಿ ಎಳೆದರೆ ಮತ್ತೆ ಮೊದಲಿಂದ.

ಕ್ಯಾನಿನಿಂದ ಎಳೆದಾಗ ಗುಳ್ಳೆ ನಿಂತವು. ಅಂದರೆ ಉದ್ದ ಕಬ್ಬಿಣದ ಪೈಪು ಸರಿ. ಉಳಿದಿದ್ದು ಟ್ಯಾಂಕಿನ ನಳಿಗೆ ಮತ್ತು ಅದರ ಮೇಲಿನ ಆ ಒಂದು ಗೇಣು ರಬ್ಬರ್. ಮತ್ತೆ ಮೊದಲಿನ ಹಾಗೆ ಜೋಡಿಸಿ, ರಬ್ಬರಿನ ಒಂದು ತುದಿಗೆ ಸುತ್ತ ಗಟ್ಟಿ ಗ್ರೀಸ್ ಮೆತ್ತಿದೆ. ಗುಳ್ಳೆ ಇದ್ದವು. ಇನ್ನೊಂದು ತುದಿಗೆ ಮೆತ್ತಿದೆ. ಗುಳ್ಳೆ ಹೆಚ್ಚುಕಡಿಮೆ ನಿಂತೇ ಹೋದವು.

ಆ ರಬ್ಬರ್ ಪೈಪು ನಾನೇ ಹಾಕಿದ್ದು.

ಎರಡು ವರ್ಷದ ಹಿಂದೆ ದೀಪಾವಳಿಗೆ ಹೋದಾಗ ಹಳೇ ಪೈಪು ಬಿರುಕು ಬಿಟ್ಟಿದ್ದು ಕಂಡು, ಹಾರ್ಡ್‌ವೇರ್ ಅಂಗಡಿಯಿಂದ ದಪ್ಪಗೆ ಗಟ್ಟಿಯಾಗಿರೋ ರಬ್ಬರ್ ಪೈಪು ತಂದು ಹಾಕಿದ್ದೆ. ನೀರಿನ ಪಂಪಿಗೆ ಹಾಕೋದು ಅದು. ಗಟ್ಟಿ ಇದೆ, ಅದಕ್ಕೇ ಒಳ್ಳೇದು ಅಂದುಕೊಂಡೆ. ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದ್ದೆ. ಈಗ ಬಿಚ್ಚಿ ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಳಗಿನ ಪದರ ನೆನೆದ ರೊಟ್ಟಿಯ ಹಾಗೆ ಉಬ್ಬಿತ್ತು, ಉಗುರಿಗೆ ಬರ್ತಿತ್ತು. ಉಬ್ಬಿ ಮೆತ್ತಗಾದ ರಬ್ಬರ್ ಕ್ಲಿಪ್ಪಿನ ಕೆಳಗೆ ಹಿಡಿತ ಬಿಟ್ಟಿತ್ತು. ಚೂರುಗಳು ಫೀಡ್ ಪಂಪಿನ ಬಾಯಲ್ಲಿರೋ ಸಣ್ಣ ಜಾಳಿಗೆಗೆ ಹೋಗಿ ಕೂತಿದ್ದವು. ಟ್ಯಾಂಕಿನೊಳಗಿನ ಜಾಳಿಗೆ ನೋಡಿದರೆ ಅದೂ ಅರ್ಧ ಕಪ್ಪು ರಾಡಿ. ಹೊಟ್ಟೆ ಕಟ್ಟಿದ ಜಾಳಿಗೆಗಳು, ಸಡಿಲ ಪೈಪು, ಎಲ್ಲ ಸೇರಿ ಮಾಡಿದ ಕೆಲಸ.

ಅಪ್ಪ ಆ ಸೀಳಿದ ಪೈಪು ತಿರುಗಿಸಿ ಮುರುಗಿಸಿ ನೋಡಿದರು. "ಮಿಸ್ತ್ರಿ ಕೇಳಿದ್ದ ತಮ್ಮಾ, ಈ ಪೈಪ್ ಬದಲಿ ಮಾಡ್ಲೇನು ಅಂತ. ನಾನ ಬ್ಯಾಡ ಅಂದೆ. ನನ್ನ ಮಗ ಹಾಕ್ಯಾನ, ಹೊಸಾದೈತಿ ಅಂದೆ."

ನನಗೆ ಅದಕ್ಕೆ ಉತ್ತರ ಇರಲಿಲ್ಲ. ಪ್ರೊಡಕ್ಷನ್ ಬಿದ್ದಾಗ ನಾವು ಮೊದಲು ಕೇಳೋ ಪ್ರಶ್ನೆ ಏನು? ಕೊನೆಗೆ ಬದಲಾಗಿದ್ದು ಏನು ಅಂತ. ಫೋನಿನಲ್ಲಿ ಎಷ್ಟೆಲ್ಲ ಪ್ರಶ್ನೆ ಕೇಳಿದ್ದೆ, ಅದೊಂದನ್ನ ಕೇಳಲೇ ಇಲ್ಲ. ಕೇಳಿದ್ದರೂ ಅಪ್ಪ ಹೇಳ್ತಿದ್ದರೋ ಇಲ್ಲವೋ.

ರಿಪೇರಿ ಅರ್ಧ ದಿನದ ಕೆಲಸ. ಟ್ಯಾಂಕ್ ಇಳಿಸಿ, ತಳದ ರಾಡಿ ತೆಗೆದು, ಡೀಸೆಲಿನಿಂದಲೇ ಎರಡು ಸಲ ತೊಳೆದ್ವಿ (ನೀರು ಹಾಕಬೇಡಿ, ವೆಲ್ಡಿಂಗ್ ಅಂತೂ ಬೇಡವೇ ಬೇಡ). ರಬ್ಬರ್ ಪೈಪು ಎರಡೂ ಕಡೆ ಬದಲು. ಈ ಸಲ ಡೀಸೆಲ್ಲಿಗೇ ಅಂತ ಬರೋ ನೈಟ್ರೈಲ್ ರಬ್ಬರಿನದು, ಒಳಗೆ ನೂಲಿನ ಹೆಣಿಗೆ ಇರೋದು. ಗಟ್ಟಿ ಇದೆಯಾ ಅಂತ ಒತ್ತಿ ನೋಡೋದು ಪರೀಕ್ಷೆ ಅಲ್ಲ, ಪೈಪಿನ ಮೇಲೆ ಇಂಧನಕ್ಕೆ ಅಂತ ಅಚ್ಚು ಹಾಕಿದೆಯಾ ನೋಡಿ. ಕ್ಲಿಪ್ಪನ್ನ ಸಿಟ್ಟಿನಿಂದ ಬಿಗೀಬೇಡಿ, ರಬ್ಬರ್ ಕತ್ತರಿಸ್ತದೆ. ಎರಡೂ ಫಿಲ್ಟರ್ ಬದಲು. ಬಿಚ್ಚಿದ ಕಡೆಯಲ್ಲೆಲ್ಲ ಹೊಸ ತಾಮ್ರದ ವಾಷರ್. ಹಳ್ಳಿಯಲ್ಲಿ ವಾಷರ್ ಸಿಗದಿದ್ದರೆ ಹಳೇದನ್ನ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆತ್ತಗಾಗ್ತದೆ, ಒಂದು ಸಲಕ್ಕೆ ನಡೀತದೆ. ಅಪ್ಪನ ಹತ್ತಿರ ಕಲಿತಿದ್ದು ಅದು.

ಅಪ್‌ಗ್ರೇಡ್ ಅಂತ ಮಾಡಿದ್ದು ಒಂದೇ: ಫೀಡ್ ಪಂಪಿಗಿಂತ ಮೊದಲು, ಕೈಗೆ ಸಿಗೋ ಜಾಗದಲ್ಲಿ, ತಳದಲ್ಲಿ ಪಾರದರ್ಶಕ ಬೌಲ್ ಇರೋ ನೀರು ಬೇರ್ಪಡಿಸೋ ಫಿಲ್ಟರ್. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ಹಬೆ ನೀರಾಗಿ ಇಳೀತದೆ. ನೀರು ಡೀಸೆಲಿಗಿಂತ ಭಾರ, ತಳದಲ್ಲಿ ಕೂತು ತುಕ್ಕು ಹಿಡಿಸ್ತದೆ, ನೀರು ಡೀಸೆಲ್ ಸೇರೋ ಜಾಗದಲ್ಲಿ ಪಾಚಿಯ ಹಾಗೆ ರಾಡಿ ಬೆಳೀತದೆ. ಬೌಲಿನಲ್ಲಿ ನೀರು ಕಂಡರೆ ತಳದ ಸ್ಕ್ರೂ ಬಿಚ್ಚಿ ಇಳಿಸೋದು. ಗುಳ್ಳೆ ಬಂದರೂ ಅಲ್ಲೇ ಕಾಣ್ತದೆ, ಅದೇ ನನಗೆ ಮುಖ್ಯ. ಈ ಗಾಡಿಯಲ್ಲಿ ಇಪ್ಪತ್ತೇಳು ವರ್ಷ ಎಲ್ಲೂ ಒಂದು ಕಿಟಕಿಯೇ ಇರಲಿಲ್ಲ. ಆದರೆ ಇದು ಎಳೆಯೋ ಸೀಮೆಯಲ್ಲಿ ಕೂರೋ ವಸ್ತು, ಇದರ ಜೋಡಣೆಯೇ ಸಡಿಲ ಇದ್ದರೆ ಹೊಸ ತೂತು ನೀವೇ ಮಾಡಿದ ಹಾಗೆ. ಸಣ್ಣದು ಹಾಕಿದರೂ ಎಳೆತಕ್ಕೆ ಅಡ್ಡ ಬರ್ತದೆ. ಇಂಜಿನ್ನಿಗೆ ಸರಿಹೊಂದೋ ಅಳತೆಯದ್ದೇ ಹಾಕಿ.

ಒಟ್ಟು ಖರ್ಚು 4,200 ರೂಪಾಯಿ, ಬಹುಪಾಲು ಆ ಫಿಲ್ಟರಿನದ್ದೇ.

ಮಾಡದೇ ಬಿಟ್ಟಿದ್ದನ್ನೂ ಹೇಳ್ತೀನಿ. ಟ್ಯಾಂಕಿನ ಹತ್ತಿರ ಕರೆಂಟ್ ಪಂಪ್ ಹಾಕಿಬಿಡಿ ಅಂತ ಸಲಹೆ ಬಂತು. ಅದು ಇಡೀ ಲೈನನ್ನ ತಳ್ಳೋ ಸೀಮೆ ಮಾಡಿಬಿಡ್ತದೆ. ಗುಳ್ಳೆ ನಿಲ್ಲಬಹುದು, ಆದರೆ ಅದೇ ತೂತಿನಿಂದ ಡೀಸೆಲ್ ಹೊರಗೆ ಸುರಿಯೋಕೆ ಶುರು, ಅದೂ ಸೈಲೆನ್ಸರ್ ಬಿಸಿ ಇರೋ ಗಾಡಿಯ ಕೆಳಗೆ. ಮೊದಲು ತೂತು ಮುಚ್ಚಿ, ಆಮೇಲೆ ಪಂಪಿನ ಮಾತು. ಇನ್ನೊಂದು ಸಲಹೆ, ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡೋದು. ಪಿಕಪ್ ಬರ್ತದೆ, ನಿಜ. ಟರ್ಬೊ ಇಲ್ಲದ ಇಂಜಿನ್ನಿಗೆ ಗಾಳಿ ಎಷ್ಟು ಬರ್ತದೋ ಅಷ್ಟೇ, ಹೆಚ್ಚಿಗೆ ಕೊಟ್ಟ ಡೀಸೆಲ್ ಕರಿ ಹೊಗೆ ಆಗ್ತದೆ, ಪಿಸ್ಟನ್ ಕಾಯ್ತದೆ. ಹಳೇ ಡೀಸೆಲ್ ಗಾಡಿಗಳ ಹೊಗೆ ಪರೀಕ್ಷೆಯಲ್ಲಿ ಮಿತಿ 65 ಹಾರ್ಟ್ರಿಜ್ ಯೂನಿಟ್. ಅದು ದಾಟಿದರೆ ಫಿಟ್‌ನೆಸ್ ಇಲ್ಲ, ಫಿಟ್‌ನೆಸ್ ಇಲ್ಲದಿದ್ದರೆ ಅಪ್ಪ ಮನೆಯಲ್ಲಿ.

ಹೊಸ ಡೀಸೆಲ್ಲೇ ಹಳೇ ಪಂಪಿಗೆ ಶತ್ರು, ಟೂ-ಟಿ ಆಯಿಲ್ ಬೆರೆಸಿ ಅನ್ನೋರೂ ಇದ್ದಾರೆ. 2020ರ ಏಪ್ರಿಲ್‌ನಿಂದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿದೆ, ಅದರ ಹಿಂದಿನ ಬಿಎಸ್-4ರಲ್ಲಿ 50 ಇತ್ತು. ಗಂಧಕ ತೆಗೆಯೋ ಪ್ರಕ್ರಿಯೆಯಲ್ಲಿ ಡೀಸೆಲಿನ ಜಾರುವ ಗುಣ ಸ್ವಲ್ಪ ಹೋಗ್ತದೆ ಅನ್ನೋದು ನಿಜ. ಅದಕ್ಕೇ ರಿಫೈನರಿಯವರು ಅದನ್ನ ತುಂಬಿಕೊಡೋ ರಾಸಾಯನಿಕ ಸೇರಿಸಿ, ಮಾನಕದ ಒಳಗೆ ತಂದೇ ಕಳಿಸ್ತಾರೆ. ನಾವು ಬೆರೆಸಬೇಕಾಗಿಲ್ಲ. ಇಪ್ಪತ್ತು ವರ್ಷದ ರಬ್ಬರ್ ಸೀಲುಗಳು ಮಾತ್ರ ಹೇಗಿದ್ದರೂ ಬದಲಾಗಬೇಕು.

ಇನ್ನು ಗಾಳಿ ತೆಗೆಯೋ ಕ್ರಮ. ಹ್ಯಾಂಡ್ ಪಂಪಿನ ಗುಂಡಿ ತಿರುಗಿಸಿ ಮೇಲೆ ಬಿಡಿ. ಫಿಲ್ಟರ್ ತಲೆಯ ಮೇಲಿನ ಬ್ಲೀಡಿಂಗ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ ಒತ್ತುತ್ತಾ ಹೋಗಿ. ಮೊದಲು ನೊರೆ ಬರ್ತದೆ, ಆಮೇಲೆ ಗುಳ್ಳೆ, ಆಮೇಲೆ ಶುದ್ಧ ಡೀಸೆಲ್. ಡೀಸೆಲ್ ಬರ್ತಾ ಇರುವಾಗಲೇ ಸ್ಕ್ರೂ ಬಿಗೀಬೇಕು. ಆಮೇಲೆ ದೊಡ್ಡ ಪಂಪಿನ ಸ್ಕ್ರೂಗೂ ಹೀಗೇ. ಕೊನೆಗೆ ನೋಝಲ್ ಹತ್ತಿರದ ನಟ್ಟುಗಳನ್ನ ಅರ್ಧ ಸುತ್ತು ಸಡಿಲ ಮಾಡಿ, ಯಾರಾದರೂ ಸೆಲ್ಫ್ ಹೊಡೀಲಿ. ಅಲ್ಲಿ ಡೀಸೆಲ್ ಕಂಡ ಮೇಲೆ ಬಿಗಿದರೆ ಸ್ಟಾರ್ಟ್. ಹ್ಯಾಂಡ್ ಪಂಪಿನ ಗುಂಡಿ ವಾಪಸ್ ತಿರುಗಿಸಿ ಕೂಡಿಸೋದು ಮರೀಬೇಡಿ, ಮರೆತರೆ ಅದೇ ಹೊಸ ಗಾಳಿ ದಾರಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನ ಹಗುರವಾಗಿ ತಗೋಬೇಡಿ. ಇಂಜಿನ್ ತಿರುಗುವಾಗ ಹೊಡೆಯೋ ಸೀಮೆಯ ಪೈಪಿನ ಹತ್ತಿರ, ನೋಝಲ್ ಮುಂದೆ, ಸೋರ್ತಿದೆಯಾ ಅಂತ ಬೆರಳು ಇಟ್ಟು ನೋಡಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣ್ತದೆ, ಆದರೆ ತಡ ಮಾಡಿದರೆ ಬೆರಳೇ ಹೋಗಬಹುದು. ಅಂಥದ್ದು ಆದರೆ ನೋವಿಲ್ಲದಿದ್ದರೂ ಸೀದಾ ಆಸ್ಪತ್ರೆ. ಸೋರಿಕೆ ನೋಡೋಕೆ ರಟ್ಟಿನ ತುಂಡು ಹಿಡೀರಿ. ಮತ್ತೆ, ನಿಮ್ಮ ಸೊಸೈಟಿ ಪಾರ್ಕಿಂಗಿನಲ್ಲಿರೋ ಹೊಸ ಡೀಸೆಲ್ ಎಸ್‌ಯುವಿಗೆ ಈ ನಟ್ಟು ಸಡಿಲಿಸೋ ವಿದ್ಯೆ ಹಚ್ಚಬೇಡಿ. ಅವು ಕಾಮನ್ ರೇಲ್, ಒತ್ತಡ 1,000 ಬಾರ್ ದಾಟ್ತದೆ.

ಹಳೇ ಗಾಡಿಯಲ್ಲಿ ಗುಳ್ಳೆ ಇಲ್ಲ, ಆದರೂ ಇಂಜಿನ್ ಕುಂಟ್ತಿದೆ ಅಂದರೆ ಆಗ ನೋಝಲ್ ಮಾತು. ಐಡಲ್‌ನಲ್ಲಿ ಬಟ್ಟೆ ಸುತ್ತಿ ಒಂದೊಂದೇ ನೋಝಲ್ಲಿನ ನಟ್ಟು ಪಾನಾದಿಂದ ಸಡಿಲ ಮಾಡಿ ನೋಡ್ತಾರೆ. ಯಾವುದನ್ನ ಸಡಿಲಿಸಿದಾಗ ಇಂಜಿನ್ ಸದ್ದು ಬದಲಾಗಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡ್ತಿರಲಿಲ್ಲ. ಇದನ್ನ ಗೊತ್ತಿರೋ ಮಿಸ್ತ್ರಿ ಕೈಯಲ್ಲೇ ಮಾಡಿಸಿ. ಇಂಜಿನ್ ಆಯಿಲ್ ಮಟ್ಟ ತಾನಾಗೇ ಏರ್ತಿದ್ದರೆ, ಡೀಸೆಲ್ ವಾಸನೆ ಬರ್ತಿದ್ದರೆ, ಪಂಪಿನ ಒಳಗಿಂದ ಆಯಿಲಿಗೆ ಡೀಸೆಲ್ ಇಳೀತಿದೆ, ಓಡಿಸಬೇಡಿ. ಪಂಪು ಬಿಚ್ಚೋದು ಕೊನೆಯ ಮಾತು. ನಮ್ಮ ಮಿಸ್ತ್ರಿಯನ್ನ ನಾನು ಬೈಯಲ್ಲ. ಪಂಪ್ ಬಿಚ್ಚಿ ಅಂತ ಫೋನಿನಲ್ಲಿ ಒತ್ತಾಯ ಮಾಡಿದವನು ನಾನೇ.

ಅಪ್ಪ ಈಗ ವಾರಕ್ಕೆ ಮೂರು ಟ್ರಿಪ್ ಹೋಗ್ತಾರೆ. ಘಟ್ಟದಲ್ಲಿ ಒಂದು ಸಲವೂ ಇಳಿದಿಲ್ಲ. ಪ್ರತಿ ಭಾನುವಾರ ಆ ಪಾರದರ್ಶಕ ಬೌಲಿನ ಫೋಟೊ ವಾಟ್ಸಾಪಿಗೆ ಕಳಿಸಬೇಕು ಅಂತ ನಾನು ಕರಾರು ಮಾಡಿದ್ದೆ. ತಪ್ಪದೇ ಕಳಿಸ್ತಾರೆ, ಕೆಲವು ಸಲ ಬೌಲಿಗಿಂತ ಬೆರಳೇ ಜಾಸ್ತಿ ಕಾಣ್ತದೆ. ಕಳೆದ ಭಾನುವಾರದ ಫೋಟೊದಲ್ಲಿ ತಳದಲ್ಲಿ ಅರ್ಧ ಬೆರಳು ನೀರು ನಿಂತಿತ್ತು. ಗಾಬರಿಯಾಗಿ ಫೋನ್ ಹಚ್ಚಿ, ಯಾವ ಪಂಪಿನಾಗ ಡೀಸೆಲ್ ಹಾಕ್ಸಿದ್ದಿ ಅಪ್ಪಾ ಅಂತ ಕೇಳಿದೆ.

"ಪಂಪಿಂದಲ್ಲೋ ತಮ್ಮಾ. ಟಾಕಿ ಮುಚ್ಚಳದ ರಬ್ಬರ್ ಹೋಗಿತ್ತು, ಮಳಿ ನೀರು ಇಳದಿತ್ತು. ನಿನ್ನೆನ ಹೊಸಾದ ಹಾಕೀನಿ, ನೀರೂ ಬಿಟ್ಟೀನಿ. ನೀ ನಿನ್ನ ಮೀಟಿಂಗ್ ನೋಡ್ಕೋ" ಅಂದು ಫೋನ್ ಇಟ್ಟರು.